ಹುಟ್ಟಿದ ದಿನದ ಲೆಕ್ಕ
ರಷ್ಯಾದ ಅನಾಥಾಲಯಗಳು ಮತ್ತು ದತ್ತು ಸ್ವೀಕಾರದ ಇತಿಹಾಸ

ನಿಮ್ಮ ಹುಟ್ಟುಹಬ್ಬ ಯಾವಾಗ ಎಂದು ಯಾರಾದರೂ ಕೇಳಿದರೆ ನೀವು ಯೋಚಿಸದೆ ಉತ್ತರಿಸುತ್ತೀರಿ. ಆದರೆ ಆ ದಿನ ನಿಮ್ಮ ನೆನಪಿನಲ್ಲಿ ಇರುವಂಥದ್ದಲ್ಲ. ತಾಯಿಯೋ ಅಜ್ಜಿಯೋ ಹೇಳಿದ್ದನ್ನು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದದ್ದನ್ನು ನೀವು ನಂಬಿದ್ದೀರಿ. ಹೇಳಲು ಮನೆಯವರೇ ಇಲ್ಲದ ಮಗುವಿನ ಮಟ್ಟಿಗೆ ಈ ದಿನಾಂಕ ಉಳಿಯುವುದು ಸರ್ಕಾರದ ಕಡತದಲ್ಲಿ ಮಾತ್ರ. ರಷ್ಯಾದ ಅನಾಥ ಮಕ್ಕಳ ನೂರು ವರ್ಷಗಳ ಕಥೆಯನ್ನು ಈ ಒಂದು ದಿನಾಂಕವನ್ನು ಹಿಡಿದು ನೋಡೋಣ.

ಮೊದಲ ಮಹಾಯುದ್ಧ, 1917ರ ಕ್ರಾಂತಿ, ಅಂತರ್ಯುದ್ಧ, ಮತ್ತು 1921ರಲ್ಲಿ ವೋಲ್ಗಾ ನದಿಯ ಪ್ರದೇಶವನ್ನು ಕಾಡಿದ ಭೀಕರ ಬರಗಾಲ, ಇವು ಒಂದರ ಹಿಂದೆ ಒಂದು ಬಂದವು. ರೈಲು ನಿಲ್ದಾಣಗಳಲ್ಲಿ, ಮಾರುಕಟ್ಟೆಗಳಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಮಕ್ಕಳ ಸಂಖ್ಯೆ ಸುಮಾರು 70 ಲಕ್ಷ ಎಂದು ಅಂದಾಜಿಸಲಾಗಿದೆ. ವಿಚಿತ್ರವೆಂದರೆ, ಆಗ ಅಲ್ಲಿ ದತ್ತು ಸ್ವೀಕಾರಕ್ಕೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. 1918ರ ಕುಟುಂಬ ಸಂಹಿತೆ ಅದನ್ನು ರದ್ದುಪಡಿಸಿತ್ತು. ಮಕ್ಕಳನ್ನು ಪ್ರಭುತ್ವವೇ ಚೆನ್ನಾಗಿ ಬೆಳೆಸಬಲ್ಲದು ಎಂಬುದು ಹೊಸ ಆಡಳಿತದ ನಂಬಿಕೆ. ದತ್ತಿನ ಹೆಸರಿನಲ್ಲಿ ರೈತರು ಮಕ್ಕಳನ್ನು ಕೂಲಿಯಿಲ್ಲದ ಆಳುಗಳಾಗಿ ದುಡಿಸಿಕೊಂಡಾರು ಎಂಬುದು ಅದರ ಭಯ. ಆದರೆ ಅಷ್ಟು ಮಕ್ಕಳಿಗೆ ಅನ್ನ, ಬಟ್ಟೆ ಒದಗಿಸುವುದು ಸರ್ಕಾರಿ ಗೃಹಗಳಿಂದ ಆಗಲಿಲ್ಲ. 1926ರಲ್ಲಿ ದತ್ತು ಸ್ವೀಕಾರ ಮತ್ತೆ ಜಾರಿಗೆ ಬಂತು.

ಎರಡನೆಯ ಮಹಾಯುದ್ಧ ಮತ್ತೊಮ್ಮೆ ಲಕ್ಷಾಂತರ ಮಕ್ಕಳನ್ನು ತಬ್ಬಲಿಗಳನ್ನಾಗಿ ಮಾಡಿತು. ಅವರಲ್ಲಿ ಅನೇಕರನ್ನು ರೈಲುಗಳಲ್ಲಿ ಮಧ್ಯ ಏಷ್ಯಾಕ್ಕೆ ಕಳುಹಿಸಲಾಯಿತು. ತಾಷ್ಕೆಂಟಿನಲ್ಲಿ ಶಾಹಮೆದ್ ಶಾಮಹಮೂದೊವ್ ಎಂಬ ಕಮ್ಮಾರ ಮತ್ತು ಅವನ ಹೆಂಡತಿ ಬಹ್ರಿ ಬೇರೆ ಬೇರೆ ಜನಾಂಗಗಳಿಗೆ ಸೇರಿದ ಹದಿನೈದರಷ್ಟು ಮಕ್ಕಳನ್ನು ಮನೆಗೆ ಕರೆತಂದು ಸಾಕಿದರು. ಆ ನಗರದಲ್ಲಿ ಈ ಕುಟುಂಬದ ಸ್ಮಾರಕವಿದೆ.

ಯುದ್ಧದ ನಂತರ ವ್ಯವಸ್ಥೆ ಸ್ಥಿರವಾಯಿತು. ಮೂರು ನಾಲ್ಕು ವರ್ಷದವರೆಗಿನ ಕೂಸುಗಳು ಆರೋಗ್ಯ ಇಲಾಖೆಯ ಶಿಶುಗೃಹದಲ್ಲಿ. ಅದಕ್ಕಿಂತ ದೊಡ್ಡವರು ಶಿಕ್ಷಣ ಇಲಾಖೆಯ 'ದೆತ್ಸ್ಕಿ ದೋಮ್', ಅಂದರೆ ಮಕ್ಕಳ ಮನೆಯಲ್ಲಿ. ಇಲ್ಲಿ ನೀವು ಗಮನಿಸಬೇಕಾದ ಅಂಶವೊಂದಿದೆ. ನಿಮಗೆ ನಾಲ್ಕು ತುಂಬಿದಾಗ ಮನೆಯಲ್ಲಿ ಪಾಯಸ ಮಾಡಿರಬಹುದು. ಶಿಶುಗೃಹದ ಮಗುವಿಗೆ ನಾಲ್ಕು ತುಂಬುವುದೆಂದರೆ ಬೇರೆ ಕಟ್ಟಡ, ಬೇರೆ ಆಯಾಗಳು, ಗುರುತಿಲ್ಲದ ಮುಖಗಳು. ಅದೇ ವಯಸ್ಸಿನ ಸುಮಾರಿಗೆ ತಜ್ಞರ ಸಮಿತಿಯೊಂದು ಮಗುವನ್ನು ಪರೀಕ್ಷಿಸಿ, ಅದು ಸಾಮಾನ್ಯ ಗೃಹಕ್ಕೆ ಹೋಗಬೇಕೋ ಬುದ್ಧಿಮಾಂದ್ಯರ ಸಂಸ್ಥೆಗೆ ಹೋಗಬೇಕೋ ಎಂದು ತೀರ್ಮಾನಿಸುತ್ತಿತ್ತು. ಮಾತು ತಡವಾದ ಆರೋಗ್ಯವಂತ ಮಗುವೂ ಈ ಎರಡನೆಯ ದಾರಿಗೆ ಬಿದ್ದ ಉದಾಹರಣೆಗಳಿವೆ.

1991ರ ಕೊನೆಯಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಕಾರ್ಖಾನೆಗಳು ಸಂಬಳ ನಿಲ್ಲಿಸಿದವು, ಬೆಲೆಗಳು ಗಗನಕ್ಕೇರಿದವು, ಕುಡಿತ ಹೆಚ್ಚಿತು. ಅನಾಥಾಲಯಗಳು ಮತ್ತೆ ತುಂಬಿದವು. ಅಲ್ಲಿದ್ದ ಬಹುಪಾಲು ಮಕ್ಕಳ ತಂದೆತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದರು. ಅವರು ಮಕ್ಕಳನ್ನು ಬಿಟ್ಟುಕೊಟ್ಟಿದ್ದರು, ಇಲ್ಲವೇ ನ್ಯಾಯಾಲಯ ಅವರ ಹಕ್ಕನ್ನು ಕಿತ್ತುಕೊಂಡಿತ್ತು. ಇದೇ ಹೊತ್ತಿಗೆ ವಿದೇಶಿ ದಂಪತಿಗಳಿಗೆ ಬಾಗಿಲು ತೆರೆಯಿತು. 1991ರಿಂದ 2012ರವರೆಗೆ ಅಮೆರಿಕದ ಕುಟುಂಬಗಳೇ ಸುಮಾರು 60,000 ಮಕ್ಕಳನ್ನು ದತ್ತು ತೆಗೆದುಕೊಂಡವು. 2004ನೇ ಸಾಲಿನಲ್ಲಿ ಈ ಸಂಖ್ಯೆ 5,800ನ್ನು ಮೀರಿತ್ತು.

ಈ ಕೆಲಸ ಹೇಗೆ ನಡೆಯುತ್ತಿತ್ತು? ಮೊದಲು ಮಗುವಿನ ಹೆಸರು ಸರ್ಕಾರದ ಪಟ್ಟಿಯಲ್ಲಿ ಕೆಲವು ತಿಂಗಳು ಇರಬೇಕು. ಸ್ವದೇಶದ ಕುಟುಂಬ ಸಿಗದಿದ್ದರೆ ಮಾತ್ರ ವಿದೇಶಿಯರಿಗೆ ಅವಕಾಶ. ದಂಪತಿ ಒಮ್ಮೆ ಬಂದು ಮಗುವನ್ನು ನೋಡಬೇಕು, ಮತ್ತೊಮ್ಮೆ ಬಂದು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ತೀರ್ಪು ಬಂದ ಮೇಲೂ ಅದು ಜಾರಿಗೆ ಬರಲು ಸಾಮಾನ್ಯವಾಗಿ ಹತ್ತು ದಿನ ಕಾಯಬೇಕಾಗಿತ್ತು. ಭಾಷೆ ಬಾರದ ಊರಿನಲ್ಲಿ, ಹೋಟೆಲಿನ ಕೋಣೆಯಲ್ಲಿ ಕಳೆಯುವ ಈ ಹತ್ತು ದಿನಗಳಲ್ಲೇ ಹುಟ್ಟುಹಬ್ಬವೊಂದು ಬಂದರೆ? ಅದು ತಾಯಿಯಾಗಲಿರುವವಳದ್ದಿರಬಹುದು, ಮಗುವಿನದ್ದೇ ಇರಬಹುದು.

ರಷ್ಯಾದಲ್ಲಿ ಹುಟ್ಟುಹಬ್ಬಕ್ಕೆ ಅದರದ್ದೇ ಆದ ರೀತಿಗಳಿವೆ. ಆ ದಿನಕ್ಕೆ ಮುಂಚೆ ಶುಭಾಶಯ ಹೇಳಬಾರದು, ಅದು ಅಪಶಕುನ. ಹೂವು ಕೊಟ್ಟರೆ ಬೆಸ ಸಂಖ್ಯೆಯಲ್ಲಿ ಕೊಡಬೇಕು. ಸಮ ಸಂಖ್ಯೆಯ ಹೂವು ಸಾವಿನ ಮನೆಗೆ. ಮಕ್ಕಳು ಕೈಕೈ ಹಿಡಿದು ಸುತ್ತುತ್ತಾ 'ಕರವಾಯ್' ಎಂಬ ಆಟ ಆಡುತ್ತಾರೆ. ಕರವಾಯ್ ಎಂದರೆ ಗುಂಡನೆಯ ದೊಡ್ಡ ರೊಟ್ಟಿ. ಅದು ಎಷ್ಟು ಎತ್ತರ, ಎಷ್ಟು ಅಗಲ ಎಂದು ಎಲ್ಲರೂ ಕೈಯಿಂದ ತೋರಿಸುತ್ತಾರೆ. ಕೊನೆಗೆ ನಡುವೆ ನಿಂತ ಮಗು ತನಗೆ ಇಷ್ಟವಾದವರನ್ನು ಆರಿಸಿಕೊಳ್ಳಬೇಕು. ಅನಾಥಾಲಯದಲ್ಲಿ ಈ ಆಟ ಆಡುವಾಗ ಆರಿಸಿಕೊಳ್ಳಲು ಸಿಗುವವರು ಗೆಳೆಯರು ಮತ್ತು ಆಯಾಗಳು ಅಷ್ಟೆ. ದತ್ತು ಹೋಗುವ ಮಗುವಿಗೆ ಅವರನ್ನು ಬಿಟ್ಟು ಹೋಗುವುದೂ ಒಂದು ಅಗಲಿಕೆಯೇ ಎಂಬುದನ್ನು ಮರೆಯಬಾರದು.

ಇನ್ನೂ ಒಂದು ಸಂಗತಿ ನಿಮಗೆ ಆಶ್ಚರ್ಯ ಹುಟ್ಟಿಸಬಹುದು. ರಷ್ಯಾದ ಕುಟುಂಬ ಸಂಹಿತೆ ದತ್ತು ಪಡೆದವರಿಗೆ ಮಗುವಿನ ಹೆಸರನ್ನಷ್ಟೇ ಅಲ್ಲ, ಹುಟ್ಟಿದ ಸ್ಥಳವನ್ನೂ ಬದಲಿಸಲು ಅವಕಾಶ ಕೊಟ್ಟಿದೆ. ಒಂದು ವರ್ಷದೊಳಗಿನ ಮಗುವಾದರೆ ಹುಟ್ಟಿದ ದಿನಾಂಕವನ್ನೂ ಮೂರು ತಿಂಗಳವರೆಗೆ ಹಿಂದೆ ಮುಂದೆ ಮಾಡಬಹುದು. ದತ್ತು ಗುಟ್ಟಾಗಿ ಉಳಿಯಲಿ ಎಂಬುದು ಇದರ ಉದ್ದೇಶ. ನೆರೆಹೊರೆಯ ಬಾಯಿಗೆ ಹೆದರುವ ದಂಪತಿಗೆ ಇದು ಅನುಕೂಲ. ಬೆಳೆದು ದೊಡ್ಡವನಾದ ಮೇಲೆ ತನ್ನ ಮೂಲವನ್ನು ಹುಡುಕಿ ಹೊರಡುವವನಿಗೆ ಮಾತ್ರ ಇರುವ ಒಂದು ಎಳೆಯೂ ಕಡಿದುಹೋಗುತ್ತದೆ.

ಈಗ ವಿಜ್ಞಾನ ಏನು ಹೇಳುತ್ತದೆ ನೋಡಿ. ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಮಗು ಬೆಳವಣಿಗೆಯಲ್ಲಿ ಸುಮಾರು ಒಂದು ತಿಂಗಳು ಹಿಂದೆ ಬೀಳುತ್ತದೆ ಎಂಬುದು ಮಕ್ಕಳ ವೈದ್ಯರು ಬಳಸುವ ಸ್ಥೂಲ ಅಂದಾಜು. ಊಟ ಇದ್ದರೂ ಎತ್ತಿಕೊಳ್ಳುವ, ಮಾತನಾಡಿಸುವ ಒಬ್ಬರೇ ವ್ಯಕ್ತಿ ಇಲ್ಲದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. 2000ದ ಸುಮಾರಿಗೆ ರುಮೇನಿಯಾದ ಬುಕಾರೆಸ್ಟಿನಲ್ಲಿ 136 ಮಕ್ಕಳ ಮೇಲೆ ಅಧ್ಯಯನವೊಂದು ಆರಂಭವಾಯಿತು. ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟು, ಉಳಿದವರನ್ನು ಅವರೊಂದಿಗೆ ಹೋಲಿಸಿ ನೋಡಲಾಯಿತು. ಸುಮಾರು ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸಿಕ್ಕವರ ಬುದ್ಧಿಶಕ್ತಿ ಹೆಚ್ಚು ಚೇತರಿಸಿಕೊಂಡಿತ್ತು. ಅಂದರೆ ಈ ಮಕ್ಕಳಿಗೆ ಒಂದು ಹುಟ್ಟುಹಬ್ಬ ಕಳೆಯಿತೆಂದರೆ ಅವಕಾಶವೂ ಅಷ್ಟು ಕಳೆಯಿತು ಎಂದೇ ಅರ್ಥ.

ಈ ಲೆಕ್ಕಕ್ಕೆ ರಾಜಕೀಯ ಅಡ್ಡ ಬಂತು. ಅಮೆರಿಕದಲ್ಲಿ ಇಪ್ಪತ್ತರಷ್ಟು ರಷ್ಯನ್ ದತ್ತು ಮಕ್ಕಳು ಸತ್ತಿದ್ದಾರೆ ಎಂದು ರಷ್ಯಾದ ಅಧಿಕಾರಿಗಳು ಹೇಳಿದರು. 2008ರಲ್ಲಿ ಒಂದು ಕೂಸು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಸತ್ತಿತು. 2010ರಲ್ಲಿ ಏಳು ವರ್ಷದ ಹುಡುಗನನ್ನು ಒಬ್ಬಂಟಿಯಾಗಿ ವಿಮಾನ ಹತ್ತಿಸಿ ಮಾಸ್ಕೋಗೆ ಹಿಂದಕ್ಕೆ ಕಳುಹಿಸಲಾಯಿತು. ರಷ್ಯನ್ನರ ಕೋಪ ನ್ಯಾಯವಾದದ್ದೇ. ಮೇಲ್ವಿಚಾರಣೆಗಾಗಿ ಎರಡೂ ದೇಶಗಳು 2011ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಅದು 2012ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಆದರೆ ಡಿಸೆಂಬರ್‌ನಲ್ಲಿ ಅಮೆರಿಕ ಮಾನವ ಹಕ್ಕುಗಳ ಹೆಸರಿನಲ್ಲಿ ರಷ್ಯಾದ ಕೆಲವು ಅಧಿಕಾರಿಗಳ ಮೇಲೆ ನಿರ್ಬಂಧ ಹೇರುವ ಕಾನೂನು ಮಾಡಿತು. ಅದಕ್ಕೆ ಪ್ರತ್ಯುತ್ತರವಾಗಿ ರಷ್ಯಾ 2013ರ ಜನವರಿ 1ರಿಂದ ಅಮೆರಿಕನ್ನರಿಗೆ ದತ್ತು ಕೊಡುವುದನ್ನೇ ನಿಷೇಧಿಸಿತು. ಅಧಿಕಾರಿಗಳ ಜಗಳಕ್ಕೆ ದಂಡ ತೆತ್ತವರು ಮಕ್ಕಳು.

ಆ ಬಳಿಕ ರಷ್ಯಾದೊಳಗೆ ಸಾಕು ಕುಟುಂಬಗಳಿಗೆ ಪ್ರೋತ್ಸಾಹ ಹೆಚ್ಚಿತು, ಪಟ್ಟಿಯಲ್ಲಿದ್ದ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಇದನ್ನು ಹೇಳದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ನಮ್ಮ ದೇಶದಲ್ಲೂ 1984ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ, ಮೊದಲು ಸ್ವದೇಶದ ಕುಟುಂಬ, ಅದು ಸಿಗದಿದ್ದರೆ ವಿದೇಶ ಎಂಬ ತತ್ವವನ್ನೇ ಎತ್ತಿಹಿಡಿದಿದ್ದರು. ಹೆಚ್ಚು ವಯಸ್ಸಾದ ಅಥವಾ ಅಂಗವಿಕಲ ಮಕ್ಕಳಿಗೆ ಸ್ವದೇಶದ ಕುಟುಂಬ ಸಿಗುವುದು ಕಷ್ಟ. ನಿಷೇಧದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಅಂಥವರಿಗೇ.

ಅಮೆರಿಕದ ದಂಪತಿಗಳನ್ನು ಆಗಲೇ ಭೇಟಿಯಾಗಿದ್ದ, ಅವರ ಕೈಯಿಂದ ಆಟಿಕೆ ಪಡೆದಿದ್ದ ಮಕ್ಕಳೂ ಅಲ್ಲೇ ಉಳಿದರು. ಆ ದಂಪತಿಗಳು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮೊರೆ ಹೋದರು. ಈ ನಿಷೇಧ ತಾರತಮ್ಯದ್ದು ಎಂದು ನ್ಯಾಯಾಲಯ ಹೇಳಿದ್ದು 2017ರ ಜನವರಿಯಲ್ಲಿ. ನಿಷೇಧ ಬಂದಾಗ ಎರಡು ವರ್ಷದವನಾಗಿದ್ದ ಹುಡುಗನಿಗೆ ಅಷ್ಟರಲ್ಲಿ ಆರು ತುಂಬಿತ್ತು. ಶಿಶುಗೃಹದ ವಯಸ್ಸು ಮುಗಿದು, ಸಮಿತಿಯ ಪರೀಕ್ಷೆಯೂ ಮುಗಿದು, ಅವನು ಶಾಲೆಗೆ ಸೇರುವ ಹೊತ್ತಾಗಿತ್ತು.