ಲಾರಿ ಚಾಲಕನ ನಿದ್ದೆಗೂ ಒಂದು ಚರಿತ್ರೆ

ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಕಂಬ ನೆಟ್ಟು ಮೇಲೊಂದು ಚಪ್ಪಡಿ ಹಾಸಿರುವುದನ್ನು ಅಲ್ಲಲ್ಲಿ ಈಗಲೂ ಕಾಣಬಹುದು. ತಲೆಹೊರೆ ಹೊತ್ತು ಬಂದವರು ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳಲೆಂದು ಹಿರಿಯರು ಮಾಡಿದ ಏರ್ಪಾಡು ಅದು. ಮುಂದೆ ಅರವಟ್ಟಿಗೆ, ಅದಕ್ಕೂ ಮುಂದೆ ಛತ್ರ. ಸರಕು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದಾಗ ಎತ್ತು ದಣಿದರೆ ಗಾಡಿ ನಿಲ್ಲಲೇಬೇಕಿತ್ತು. ಎತ್ತಿನ ನೆಪದಲ್ಲಿ ಗಾಡಿ ಹೊಡೆಯುವವನಿಗೂ ವಿಶ್ರಾಂತಿ ಸಿಗುತ್ತಿತ್ತು.

ಲಾರಿ ಬಂದ ಮೇಲೆ ಈ ಲೆಕ್ಕ ತಪ್ಪಿತು. ಎಂಜಿನ್‌ಗೆ ದಣಿವಿಲ್ಲ, ದಣಿಯುವವನು ಚಾಲಕನೊಬ್ಬನೇ.

ಇದನ್ನು ಕಾನೂನು ಬಹಳ ಹಿಂದೆಯೇ ಗುರುತಿಸಿತ್ತು. ಬ್ರಿಟಿಷರ ಕಾಲದ 1939ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲಕನಿಗೆ ಸತತ 5 ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿರಲಿಲ್ಲ. ನಡುವೆ ಅರ್ಧ ಗಂಟೆ ಬಿಡುವು ಕಡ್ಡಾಯ. ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆ ಗರಿಷ್ಠ ಮಿತಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇದನ್ನು ದಿನಕ್ಕೆ 8 ಹಾಗೂ ವಾರಕ್ಕೆ 48 ಗಂಟೆಗೆ ಇಳಿಸಿತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದು ದಿನಕ್ಕೆ 10 ಗಂಟೆವರೆಗೆ ದುಡಿಸಬಹುದಿತ್ತು. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. 1988ರ ಮೋಟಾರು ವಾಹನ ಕಾಯ್ದೆ ಅದೇ ಗಂಟೆಗಳ ಮಿತಿಯನ್ನು ಸಾರಿಗೆ ವಾಹನಗಳ ಎಲ್ಲ ಚಾಲಕರಿಗೂ ವಿಸ್ತರಿಸಿತು. 1961ರ ಕಾಯ್ದೆ ಈಗಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು ವಿಲೀನಗೊಂಡಿದೆ.

ಕಾಗದದ ಮೇಲೆ ಗಂಟೆ ಬರೆದರೆ ಸಾಲದು, ಮಲಗಲು ಜಾಗವೂ ಬೇಕಲ್ಲ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದಕ್ಕೂ ಉತ್ತರ ನೀಡಿದ್ದವು. ನ್ಯಾಷನಲ್ ಪರ್ಮಿಟ್ ಪಡೆದ ಭಾರಿ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು. ಚಾಲಕನ ಆಸನದ ಹಿಂದೆ ಇನ್ನೊಬ್ಬ ಚಾಲಕ ಕಾಲು ಚಾಚಿ ಮಲಗಲು ಕ್ಯಾಬಿನ್ನಿನ ಪೂರ್ತಿ ಅಗಲಕ್ಕೆ ಸೀಟು ಇರಬೇಕು ಎಂದು ಅವು ವಿಧಿಸಿದ್ದವು. ಒಬ್ಬ ಓಡಿಸಿದರೆ ಮತ್ತೊಬ್ಬ ಮಲಗಬೇಕೆಂಬುದು ಇದರ ಆಶಯ. 2018ರ ತಿದ್ದುಪಡಿ ಎರಡನೆಯ ಚಾಲಕನ ಕಡ್ಡಾಯವನ್ನೇ ಕೈಬಿಟ್ಟಿತು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಮುಂಬೈ ಸುಮಾರು 980 ಕಿ.ಮೀ. ಗಂಟೆಗೆ ಸರಾಸರಿ 40 ಕಿ.ಮೀ. ವೇಗವೆಂದರೆ ಚಾಲನೆಗೇ 24 ಗಂಟೆ ಮೀರುತ್ತದೆ. ಒಬ್ಬನೇ ಚಾಲಕ ದಿನಕ್ಕೆ 10 ಗಂಟೆ ಓಡಿಸಿದರೆ ತಲುಪುವುದು ಮೂರನೆಯ ದಿನ. ಅದಕ್ಕೂ ಮೊದಲು ಸರಕು ಮುಟ್ಟಬೇಕೆಂದರೆ ಕಳೆಯುವುದು ಅವನ ನಿದ್ದೆಯಿಂದಲೇ.

ಕಣ್ಣು ಅತಿಯಾಗಿ ಎಳೆಯುವುದು ನಡುರಾತ್ರಿ ಕಳೆದು ಬೆಳಕು ಹರಿಯುವ ಮುಂಚೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವಾಗ ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ಲಾರಿ ಸುಮಾರು 67 ಮೀಟರ್ ಕುರುಡಾಗಿ ಓಡಿರುತ್ತದೆ. ಚಹಾ, ಬೀಡಿ, ಹಾಡು ನಿದ್ದೆಯನ್ನು ಮುಂದೂಡಬಹುದು, ತೀರಿಸಲಾರವು. ಡಾಬಾದ ಬಳಿ ಲಾರಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು ಅವುಗಳಿಗಿಂತ ಮೇಲು.

ಚಾಲಕನ ಆರೋಗ್ಯದ ಬಗೆಗಿನ ಕಾಳಜಿಗೂ ತನ್ನದೇ ಚರಿತ್ರೆಯಿದೆ. 1986ರಲ್ಲಿ ಅಂದಿನ ಮದ್ರಾಸಿನಲ್ಲಿ ಎಚ್‌ಐವಿ ಸೋಂಕು ದೇಶದಲ್ಲೇ ಮೊದಲ ಬಾರಿಗೆ ಪತ್ತೆಯಾಯಿತು. 1990ರ ದಶಕದಲ್ಲಿ ಏಡ್ಸ್ ಜಾಗೃತಿ ಹೆದ್ದಾರಿಗೆ ಬಂದಾಗ ಲಾರಿ ಚಾಲಕ ಎಲ್ಲರ ಕಣ್ಣಿಗೆ ಬಿದ್ದ. ಆ ಕೆಲಸ ಅಗತ್ಯವೇ ಆಗಿತ್ತು. ಆದರೆ ಅವನನ್ನು ರೋಗ ಹರಡುವವನೆಂದು ಕಂಡಷ್ಟು ಸುಲಭವಾಗಿ, ಸೊಂಟ ನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಜಾದ ಕಣ್ಣುಗಳಿಂದ ಬಳಲಬಹುದಾದ ದುಡಿಮೆಗಾರನೆಂದು ಸಮಾಜ ಕಾಣಲಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಎಂಜಿನ್ನಿನ ಕಾವಿನಲ್ಲಿ ಬೆಂದವರಿಗೆ ಇದು ಸಣ್ಣ ಸಮಾಧಾನವಲ್ಲ. ಆದರೂ ತಂಪು ಗಾಳಿ ನಿದ್ದೆಗೆ ಬದಲಿಯಾಗದು. ಹೊರೆ ಹೊತ್ತವನಿಗೆ ದಾರಿಯಲ್ಲಿ ಕಲ್ಲು ನೆಟ್ಟವರು ಅವನು ಎಷ್ಟು ಬೇಗ ತಲುಪುತ್ತಾನೆಂದು ಕೇಳಿರಲಿಲ್ಲ. ಸರಕು ನಾಳೆ ಬೆಳಗಾಗುವುದರೊಳಗೆ ಬರಲೇಬೇಕೆನ್ನುವ ನಮಗೆ ಆ ತಾಳ್ಮೆ ಇದೆಯೇ?