ಸಾಲಮನ್ನಾದಿಂದ ಸೇವಾ ಕರಾರಿನವರೆಗೆ: ಅಮೆರಿಕದಲ್ಲಿ ವಿಜ್ಞಾನ–ಗಣಿತ ಶಿಕ್ಷಕರಾಗುವವರಿಗೆ ವಿದ್ಯಾರ್ಥಿವೇತನ

ವಿಜ್ಞಾನದಲ್ಲೋ ಗಣಿತದಲ್ಲೋ ಪದವಿ ಓದುತ್ತಿರುವವರ ಓದಿನ ಖರ್ಚನ್ನು ಸರ್ಕಾರ ಅಥವಾ ಖಾಸಗಿ ಪ್ರತಿಷ್ಠಾನವೊಂದು ವಹಿಸಿಕೊಂಡು, ಅದಕ್ಕೆ ಪ್ರತಿಯಾಗಿ ಪದವಿಯ ನಂತರ ಇಂತಿಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಬೇಕೆಂದು ಕರಾರು ಬರೆಸಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಆರು ದಶಕಗಳಿಗೂ ಮೀರಿ ಬೆಳೆದುಬಂದಿದೆ. ಅದಕ್ಕೆ ಕಾರಣವಾದ ಕೊರತೆ ಎಲ್ಲರಿಗೂ ಅರ್ಥವಾಗುವಂಥದು. ಭೌತಶಾಸ್ತ್ರವನ್ನೋ ಗಣಿತವನ್ನೋ ಚೆನ್ನಾಗಿ ಬಲ್ಲ ಪದವೀಧರರಿಗೆ ಉದ್ಯಮಗಳು ಕೊಡುವಷ್ಟು ಸಂಬಳವನ್ನು ಶಾಲೆಗಳು ಕೊಡಲಾರವು. ಹೀಗಾಗಿ ಅಲ್ಲಿನ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ ಬೋಧಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ವಿಷಯದಲ್ಲಿ ಪದವಿ ಪಡೆದವರಲ್ಲ. ಈ ಕೊರತೆಯನ್ನು ತುಂಬಲು ಹೊರಟ ಯೋಜನೆಗಳು ಮೊದಮೊದಲು ಹಣದ ಲೆಕ್ಕವನ್ನಷ್ಟೇ ನೋಡಿದವು. ಹಣ ಪಡೆದವರು ಯಾರ ಮಾರ್ಗದರ್ಶನದಲ್ಲಿ, ಎಂಥ ತರಗತಿಯಲ್ಲಿ ಪಳಗಿ ಶಿಕ್ಷಕರಾಗುತ್ತಾರೆ ಎಂಬ ಪ್ರಶ್ನೆ ಮುನ್ನೆಲೆಗೆ ಬರಲು ಸುಮಾರು ನಾಲ್ಕು ದಶಕ ಹಿಡಿಯಿತು.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕಕ್ಕೆ ತನ್ನ ಶಾಲೆಗಳ ವಿಜ್ಞಾನ ಬೋಧನೆಯ ಬಗ್ಗೆ ದಿಗಿಲು ಹುಟ್ಟಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯು ಕಾಲೇಜು ವಿದ್ಯಾರ್ಥಿಗಳಿಗೆ ವರ್ಷಕ್ಕೆ 1,000 ಡಾಲರಿನವರೆಗೆ ಕಡಿಮೆ ಬಡ್ಡಿಯ ಸಾಲ ಕೊಡುವ ವ್ಯವಸ್ಥೆ ಮಾಡಿತು. ಸಾಲ ಪಡೆದವರು ಸರ್ಕಾರಿ ಶಾಲೆಯಲ್ಲಿ ಶಿಕ್ಷಕರಾದರೆ ದುಡಿದ ಪ್ರತಿ ವರ್ಷಕ್ಕೆ ಸಾಲದ ಶೇ. 10ರಷ್ಟು, ಐದು ವರ್ಷಗಳಲ್ಲಿ ಒಟ್ಟು ಅರ್ಧದಷ್ಟು ಮನ್ನಾ ಆಗುತ್ತಿತ್ತು. ವಿಜ್ಞಾನ, ಗಣಿತಗಳಲ್ಲಿ ಸಾಮರ್ಥ್ಯ ತೋರಿದವರಿಗೆ ಸಾಲ ಕೊಡುವಾಗ ವಿಶೇಷ ಗಮನ ಇತ್ತಾದರೂ, ಮನ್ನಾ ಮಾಡುವಾಗ ಯಾವ ವಿಷಯ ಬೋಧಿಸುತ್ತಿದ್ದಾರೆಂದು ಯಾರೂ ಕೇಳುತ್ತಿರಲಿಲ್ಲ. ಇತಿಹಾಸ ಕಲಿಸುವವರಿಗೂ ಬೀಜಗಣಿತ ಕಲಿಸುವವರಿಗೂ ಒಂದೇ ರಿಯಾಯಿತಿ ಸಿಗುತ್ತಿತ್ತು. 1965ರ ಬಳಿಕ ಬಡ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ದುಡಿಯುವವರಿಗೆ ವರ್ಷಕ್ಕೆ ಶೇ. 15ರಂತೆ ಪೂರ್ತಿ ಸಾಲವೇ ತೀರುವ ಅವಕಾಶ ಸೇರಿತು. ಎಲ್ಲಿ ಪಾಠ ಹೇಳುತ್ತಾರೆ ಎಂಬುದಕ್ಕೂ ನೆರವಿಗೂ ಗಂಟು ಬಿದ್ದದ್ದು ಆಗ, ಮುಂದಿನ ಹಲವು ಯೋಜನೆಗಳು ಈ ಗಂಟನ್ನು ಉಳಿಸಿಕೊಂಡವು.

ಎಂಬತ್ತರ ದಶಕದಲ್ಲಿ ಚಿಂತೆ ಮತ್ತೆ ಎದ್ದಿತು. ದೇಶದ ಶಿಕ್ಷಣದ ದುಃಸ್ಥಿತಿಯನ್ನು ಎತ್ತಿ ತೋರಿದ 1983ರ ರಾಷ್ಟ್ರೀಯ ಆಯೋಗದ ವರದಿಯು ವಿಜ್ಞಾನ, ಗಣಿತ ಶಿಕ್ಷಕರ ಅಭಾವವನ್ನು ಹೆಸರಿಟ್ಟು ಹೇಳಿತು. ಅದರ ಬೆನ್ನಿಗೇ ಸಂಸತ್ತು ರೂಪಿಸಿದ, ಮುಂದೆ ಸೆನೆಟರ್ ಪಾಲ್ ಡಗ್ಲಸ್ ಅವರ ಹೆಸರು ಪಡೆದ ವಿದ್ಯಾರ್ಥಿವೇತನ ಬಂದಿತು. ಪ್ರೌಢಶಾಲೆಯಲ್ಲಿ ಮೊದಲ ಶೇ. 10ರೊಳಗೆ ತೇರ್ಗಡೆಯಾದವರಿಗೆ ವರ್ಷಕ್ಕೆ 5,000 ಡಾಲರಿನವರೆಗೆ ಹಣ, ಹಣ ಪಡೆದ ಒಂದೊಂದು ವರ್ಷಕ್ಕೆ ಎರಡೆರಡು ವರ್ಷ ಬೋಧನೆ ಎಂಬುದು ಅದರ ಕರಾರು. ಸೇವೆ ಮಾಡಿದ ಮೇಲೆ ಸಾಲ ಕಳೆಯುವ ಹಳೆಯ ಕ್ರಮ ಇಲ್ಲಿ ತಿರುವು ಪಡೆಯಿತು. ಹಣ ಮೊದಲು ಕೈಸೇರುತ್ತಿತ್ತು, ಋಣ ಆಮೇಲೆ ತೀರಬೇಕಿತ್ತು. ಯೋಜನೆ ತೊಂಬತ್ತರ ದಶಕದ ನಡುವೆ ನಿಂತುಹೋಯಿತಾದರೂ ‘ಒಂದಕ್ಕೆ ಎರಡು’ ಎಂಬ ಲೆಕ್ಕ ಉಳಿದುಕೊಂಡಿತು.

ನಿಜವಾದ ತಿರುವು ವಾಷಿಂಗ್ಟನ್ನಿನಿಂದ ಬರಲಿಲ್ಲ, ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ ವಿಶ್ವವಿದ್ಯಾಲಯದಿಂದ ಬಂತು. ಅಲ್ಲಿನ ವಿಜ್ಞಾನ ವಿಭಾಗದವರು ಶಿಕ್ಷಣ ವಿಭಾಗದವರೊಂದಿಗೆ ಕೂಡಿ 1997ರಲ್ಲಿ 28 ವಿದ್ಯಾರ್ಥಿಗಳೊಂದಿಗೆ ಯುಟೀಚ್ ಎಂಬ ಕಾರ್ಯಕ್ರಮ ಆರಂಭಿಸಿದರು. ಅದರ ಮೊದಲ ಕೋರ್ಸಿನ ಶುಲ್ಕವನ್ನು ಮರಳಿಸಲಾಗುತ್ತಿತ್ತು. ಶಿಕ್ಷಕ ವೃತ್ತಿ ತನಗೆ ಒಗ್ಗುವುದೇ ಎಂದು ಖರ್ಚಿಲ್ಲದೆ ನೋಡಿಬರಲು ಅದೊಂದು ಅವಕಾಶ. ಆ ಕೋರ್ಸಿಗೆ ಸೇರಿದವರು ಕೆಲವೇ ವಾರಗಳಲ್ಲಿ ಪ್ರಾಥಮಿಕ ಶಾಲೆಯ ತರಗತಿಯೊಂದಕ್ಕೆ ಹೋಗಿ ಪಾಠ ಮಾಡಬೇಕು. ಬ್ಯಾಟರಿ, ತಂತಿ, ಪುಟ್ಟ ಬಲ್ಬು ಕೊಟ್ಟು ದೀಪ ಹೊತ್ತಿಸಲು ಹೇಳುವಂಥ ಪಾಠ ಅದು. ಮಗು ತಂತಿಯ ಒಂದೇ ತುದಿಯನ್ನು ಬಲ್ಬಿಗೆ ಮುಟ್ಟಿಸಿ ದೀಪ ಹೊತ್ತದಿದ್ದುದನ್ನು ಕಂಡು ಮುಖ ನೋಡಿದಾಗ, ಉತ್ತರವನ್ನು ಬಾಯಿಗಿಡದೆ ಇನ್ನೊಂದು ಪ್ರಶ್ನೆ ಕೇಳುವುದು ಹೇಗೆಂದು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿ ಅಲ್ಲೇ ನಿಂತು ಕಲಿಯಬೇಕು. ತರಗತಿಯ ಹಿಂದೆ ಕುಳಿತು ಗಮನಿಸುವವರು ಶಾಲೆಗಳಲ್ಲಿ ವರ್ಷಗಟ್ಟಲೆ ಪಳಗಿ ವಿಶ್ವವಿದ್ಯಾಲಯಕ್ಕೆ ಬಂದ ಹಿರಿಯ ಶಿಕ್ಷಕರು. ಪಾಠ ಎಲ್ಲಿ ಮುಗ್ಗರಿಸಿತೆಂದು ಅವರು ಆಮೇಲೆ ಕುಳಿತು ಹೇಳುತ್ತಾರೆ. ಈ ಮಾದರಿ ಮುಂದೆ 40ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಹಬ್ಬಿತು.

ವಿಷಯಜ್ಞಾನವನ್ನೂ ಬೋಧನಾಶಾಸ್ತ್ರವನ್ನೂ ಒಂದೇ ಪದವಿಯಲ್ಲಿ ಹೆಣೆಯುವ ವಿಚಾರ ಕನ್ನಡ ನಾಡಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ಅಂದರೆ ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಬಿ.ಎಸ್ಸಿ. ಮತ್ತು ಬಿ.ಎಡ್.ಗಳನ್ನು ಕೂಡಿಸಿದ ನಾಲ್ಕು ವರ್ಷದ ಪದವಿಯನ್ನು ನಡೆಸಿಕೊಂಡು ಬಂದಿದೆ. ಅಂಥ ಕಾಲೇಜುಗಳನ್ನು ಕಟ್ಟುವಾಗ ನೆರವಾದದ್ದು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯ.

ಅಮೆರಿಕದ ಕೇಂದ್ರ ಸರ್ಕಾರ ಹೊಸ ಶತಮಾನದ ಆರಂಭದಲ್ಲಿ ಮತ್ತೆ ಹೆಜ್ಜೆ ಇಟ್ಟಿತು. ಗಗನಯಾತ್ರಿ ಜಾನ್ ಗ್ಲೆನ್ ಅಧ್ಯಕ್ಷತೆಯ ಆಯೋಗವು 2000ದಲ್ಲಿ ವಿಜ್ಞಾನ, ಗಣಿತ ಬೋಧನೆಯ ಬಗ್ಗೆ ಎಚ್ಚರಿಕೆಯ ವರದಿ ಕೊಟ್ಟಿತ್ತು. 2002ರ ಕಾನೂನಿನ ಮೂಲಕ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಡಿ ರಾಬರ್ಟ್ ನಾಯ್ಸ್ ಶಿಕ್ಷಕ ವಿದ್ಯಾರ್ಥಿವೇತನ ಸ್ಥಾಪನೆಯಾಯಿತು. ಸಂಯೋಜಿತ ಮಂಡಲವನ್ನು, ಅಂದರೆ ಇಂದಿನ ಚಿಪ್ಪನ್ನು ಕಂಡುಹಿಡಿದವರಲ್ಲೊಬ್ಬರೂ ಇಂಟೆಲ್ ಕಂಪನಿಯ ಸ್ಥಾಪಕರಲ್ಲೊಬ್ಬರೂ ಆದ ನಾಯ್ಸ್ ಅವರ ಹೆಸರು ಈ ಯೋಜನೆಗೆ ಒಪ್ಪುತ್ತದೆ. ಐಯೊವಾ ರಾಜ್ಯದ ಗ್ರಿನೆಲ್ ಎಂಬ ಸಣ್ಣ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರಿಗೆ ಟ್ರಾನ್ಸಿಸ್ಟರ್ ಪರಿಚಯಿಸಿದವರು ಭೌತಶಾಸ್ತ್ರ ಪ್ರಾಧ್ಯಾಪಕ ಗ್ರಾಂಟ್ ಗೇಲ್; ಬೆಲ್ ಪ್ರಯೋಗಾಲಯದಲ್ಲಿ ಆಗಷ್ಟೇ ಹುಟ್ಟಿದ್ದ ಆ ಸಾಧನದ ವಿವರಗಳನ್ನು ತರಿಸಿಕೊಂಡು ಅವರು ತರಗತಿಯ ಮುಂದಿಟ್ಟಿದ್ದರು.

ಈ ಯೋಜನೆಯ ಹಣ ವಿದ್ಯಾರ್ಥಿಗೆ ನೇರವಾಗಿ ಹೋಗುವುದಿಲ್ಲ. ಪ್ರತಿಷ್ಠಾನವು ವಿಶ್ವವಿದ್ಯಾಲಯಕ್ಕೆ ಅನುದಾನ ಕೊಡುತ್ತದೆ. ವಿಶ್ವವಿದ್ಯಾಲಯವು ವಿದ್ಯಾರ್ಥಿಗಳನ್ನು ಆಯ್ದು, ಶಾಲೆಗಳೊಂದಿಗೆ ಒಪ್ಪಂದ ಮಾಡಿಕೊಂಡು, ಕೆಲಸಕ್ಕೆ ಸೇರಿದ ಮೇಲೂ ಅವರ ಬೆನ್ನಿಗಿರಬೇಕು. ಹಿಂದಿನ ಯೋಜನೆಗಳಿಂದ ಇದನ್ನು ಬೇರೆಯಾಗಿಸುವ ಅತಿ ಮುಖ್ಯ ಗುಣ ಇದೇ. ಆರಂಭದಲ್ಲಿ ವರ್ಷಕ್ಕೆ 7,500 ಡಾಲರ್ ಇದ್ದ ವೇತನ 2007ರ ಕಾಯ್ದೆಯ ನಂತರ ಕನಿಷ್ಠ 10,000 ಡಾಲರ್ ಆಯಿತು. ಪಡೆದ ಒಂದು ವರ್ಷಕ್ಕೆ ಎರಡು ವರ್ಷ ‘ಹೆಚ್ಚಿನ ಅಗತ್ಯದ’ ಶಾಲಾ ಜಿಲ್ಲೆಯಲ್ಲಿ ದುಡಿಯಬೇಕು, ಇಲ್ಲವಾದರೆ ವೇತನ ಸಾಲವಾಗಿ ಬದಲಾಗುತ್ತದೆ. ಅಂಥ ಜಿಲ್ಲೆ ಯಾವುದೆಂಬುದನ್ನೂ ಕಾಯ್ದೆ ಅಳತೆಗೋಲಿಟ್ಟು ಹೇಳುತ್ತದೆ: ಅರ್ಧದಷ್ಟಾದರೂ ಮಕ್ಕಳು ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಶಾಲೆ ಅಲ್ಲಿರಬೇಕು, ಅಥವಾ ತಾವು ಓದದ ವಿಷಯವನ್ನು ಬೋಧಿಸುವವರು, ಇಲ್ಲವೇ ಕೆಲಸ ಬಿಟ್ಟುಹೋಗುವವರು ಗೊತ್ತುಪಡಿಸಿದ ಪ್ರಮಾಣಕ್ಕಿಂತ ಹೆಚ್ಚಿರಬೇಕು.

2005ರಲ್ಲಿ ರಾಷ್ಟ್ರೀಯ ಅಕಾಡೆಮಿಗಳ ಸಮಿತಿಯೊಂದು ವರ್ಷಕ್ಕೆ 10,000 ಹೊಸ ಶಿಕ್ಷಕರನ್ನು ವಿದ್ಯಾರ್ಥಿವೇತನದ ಮೂಲಕ ಸೆಳೆಯಬೇಕೆಂದು ಶಿಫಾರಸು ಮಾಡಿದ್ದು 2007ರ ವಿಸ್ತರಣೆಗೆ ಬಲ ಕೊಟ್ಟಿತು. ಈ ನಡುವೆ ನೋಲ್ಸ್ ಪ್ರತಿಷ್ಠಾನ, ಗಣಿತಜ್ಞ ಜಿಮ್ ಸೈಮನ್ಸ್ ನ್ಯೂಯಾರ್ಕಿನಲ್ಲಿ 2004ರಲ್ಲಿ ಆರಂಭಿಸಿದ ಮ್ಯಾತ್ ಫಾರ್ ಅಮೆರಿಕ ಮುಂತಾದ ಖಾಸಗಿ ಸಂಸ್ಥೆಗಳೂ ಕಣಕ್ಕಿಳಿದವು.

ಅದೇ 2007ರಲ್ಲಿ ಬಂದ ಟೀಚ್ ಅನುದಾನದ ಕಥೆ ನೋವಿನದು. ಕೊರತೆಯಿರುವ ವಿಷಯಗಳನ್ನು ಬಡ ಶಾಲೆಗಳಲ್ಲಿ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಬೋಧಿಸುವುದಾಗಿ ಒಪ್ಪಿದವರಿಗೆ ವರ್ಷಕ್ಕೆ 4,000 ಡಾಲರಿನವರೆಗೆ ನೆರವು ಸಿಗುತ್ತಿತ್ತು. ಆದರೆ ಪ್ರತಿ ವರ್ಷ ಸೇವೆಯ ದೃಢೀಕರಣ ಪತ್ರ ಕಳಿಸಬೇಕಿತ್ತು; ಪತ್ರ ತಡವಾದರೂ ಒಂದು ಸಹಿ ಬಿಟ್ಟುಹೋದರೂ ಅನುದಾನ ಸಾಲವಾಗಿ, ಹಣ ಪಡೆದ ದಿನದಿಂದಲೇ ಬಡ್ಡಿ ಸೇರುತ್ತಿತ್ತು. ಮಾತಿಗೆ ತಪ್ಪದೆ ಬಡ ಶಾಲೆಯಲ್ಲೇ ಪಾಠ ಹೇಳುತ್ತಿದ್ದ ಸಾವಿರಾರು ಶಿಕ್ಷಕರು ಹೀಗೆ ಸಾಲಗಾರರಾದರು. ದೂರುಗಳು ಹೆಚ್ಚಿದ ಮೇಲೆ 2019ರ ಹೊತ್ತಿಗೆ ಸರ್ಕಾರ ಸಾಲಗಳನ್ನು ಮರಳಿ ಅನುದಾನವಾಗಿಸಲು ಮುಂದಾಯಿತು, 2021ರಲ್ಲಿ ನಿಯಮಗಳೂ ಸಡಿಲಗೊಂಡವು. ಕರಾರನ್ನು ಬರೆಯುವವರು ಅದರ ಸಣ್ಣ ಅಕ್ಷರಗಳಿಗೆ ಎಷ್ಟು ಹೊಣೆಗಾರರೆಂಬುದನ್ನು ಈ ಕ್ಷೇತ್ರ ಇಷ್ಟು ದುಬಾರಿಯಾಗಿ ಕಲಿಯಬೇಕಿರಲಿಲ್ಲ.

ಇಂಥ ಯೋಜನೆಗಳಿಂದ ಪ್ರಯೋಜನವಾಗಿದೆಯೇ ಎಂಬ ಸಂಶೋಧನೆಗಳ ಉತ್ತರ ಒಂದೇ ತೆರನಾಗಿಲ್ಲ. ಕ್ಯಾಲಿಫೋರ್ನಿಯಾ 2000ದಿಂದ 2002ರವರೆಗೆ ಕೊಟ್ಟ 20,000 ಡಾಲರಿನ ಫೆಲೋಶಿಪ್, ಇಲ್ಲದಿದ್ದರೆ ಹಿಂದುಳಿದ ಶಾಲೆಗಳತ್ತ ಸುಳಿಯದಿದ್ದ ಪ್ರತಿಭಾವಂತರನ್ನು ಅಲ್ಲಿಗೆ ಕರೆತಂದಿತೆಂದು ಸ್ಟೀಲ್, ಮರ್ನೇನ್ ಮತ್ತು ವಿಲೆಟ್ ಅವರ ಅಧ್ಯಯನ ತೋರಿಸಿತು. ನಾಲ್ಕು ವರ್ಷ ಉಳಿದವರ ಪ್ರಮಾಣ ಮಾತ್ರ ಫೆಲೋಶಿಪ್ ಪಡೆದವರಲ್ಲೂ ಪಡೆಯದವರಲ್ಲೂ ಸುಮಾರು ಮುಕ್ಕಾಲು ಪಾಲೇ ಆಗಿತ್ತು. ಶಿಕ್ಷಕರ ಕೊರತೆಗೆ ಬರುವವರ ಸಂಖ್ಯೆಗಿಂತ ಬಿಟ್ಟುಹೋಗುವವರ ಸಂಖ್ಯೆಯೇ ಹೆಚ್ಚು ಕಾರಣವೆಂದು ಸಂಶೋಧಕ ರಿಚರ್ಡ್ ಇಂಗರ್ಸಾಲ್ ವರ್ಷಗಳಿಂದ ವಾದಿಸುತ್ತ ಬಂದಿದ್ದಾರೆ. ಈ ವಾದಕ್ಕೆ ನಾಯ್ಸ್ ಯೋಜನೆ ಕೊಟ್ಟಿರುವ ಉತ್ತರ, ಈಗಾಗಲೇ ಸೇವೆಯಲ್ಲಿರುವ ನುರಿತ ಶಿಕ್ಷಕರಿಗೆ ಐದು ವರ್ಷ ಸಂಬಳದ ಮೇಲೆ ವರ್ಷಕ್ಕೆ ಕನಿಷ್ಠ 10,000 ಡಾಲರ್ ಕೊಟ್ಟು, ಹೊಸಬರಿಗೆ ಆಸರೆಯಾಗಿ ನಿಲ್ಲಿಸುವ ಫೆಲೋಶಿಪ್.

ಉಳಿಸಿಕೊಳ್ಳುವ ಕೆಲಸಕ್ಕೆ ಉತ್ತರ ಕ್ಯಾರೊಲೈನಾದ ಅನುಭವ ಒಳ್ಳೆಯ ನಿದರ್ಶನ. ಆ ರಾಜ್ಯ 1986ರಲ್ಲಿ ಸ್ಥಾಪಿಸಿದ ಟೀಚಿಂಗ್ ಫೆಲೋಸ್ ಯೋಜನೆ ಹಣದ ಜೊತೆಗೆ ನಾಲ್ಕು ವರ್ಷವೂ ಶಾಲಾ ಭೇಟಿ, ಬೇಸಿಗೆ ಶಿಬಿರ, ಒಂದೇ ಗುಂಪಿನ ಒಡನಾಟ ಕೊಡುತ್ತಿತ್ತು; ಅದರಿಂದ ಬಂದವರು ಇತರರಿಗಿಂತ ಹೆಚ್ಚು ಕಾಲ ಉಳಿದರೆಂದೂ ಗಣಿತದಲ್ಲಿ ಅವರ ವಿದ್ಯಾರ್ಥಿಗಳು ಹೆಚ್ಚು ಕಲಿತರೆಂದೂ ಹೆನ್ರಿ ಮತ್ತು ಸಂಗಡಿಗರ ಅಧ್ಯಯನ ಕಂಡುಕೊಂಡಿತು. ಅಷ್ಟಾದರೂ 2011ರಲ್ಲಿ ಶಾಸನಸಭೆ ಹೊಸ ಪ್ರವೇಶಕ್ಕೆ ಹಣ ನಿಲ್ಲಿಸಿತು. 2017ರಲ್ಲಿ ಯೋಜನೆಗೆ ಮರುಜೀವ ಬಂದಾಗ ಅದನ್ನು ವಿಜ್ಞಾನ, ಗಣಿತ ಮತ್ತು ವಿಶೇಷ ಮಕ್ಕಳ ಶಿಕ್ಷಣಕ್ಕೆ ಸೀಮಿತಗೊಳಿಸಲಾಯಿತು. ಹಿಂದೆ 17 ಕಾಲೇಜುಗಳಲ್ಲಿ ನಡೆಯುತ್ತಿದ್ದದ್ದು ಐದರಿಂದ ಮತ್ತೆ ಆರಂಭವಾಗಬೇಕಾಯಿತು.