ಚಂದಿಲ್ಲ ಅಂತೀವಿ, ಆದ್ರೂ ಕೊಳ್ತೀವಿ: ಒಂದು ಎಚ್‌ಎಂಟಿ ಕಾಂಚನ್ ಕಥೆ

ಇವತ್ತು ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ. ಹಳೇ ಕೈಗಡಿಯಾರ ಕೂಡಿಡೋ ಚಟ ನನಗೆ ಎಂಟು ವರ್ಷದಿಂದ ಇದೆ. ಆ ಎಂಟೂ ವರ್ಷ ಸಿಕ್ಕವರಿಗೆಲ್ಲ ಒಂದೇ ಮಾತು ಹೇಳಿದ್ದೀನಿ: ಬಂಗಾರದ ಬಣ್ಣದ ವಾಚು ನನಗೆ ಆಗಿಬರಲ್ಲ. ಕಳೆದ ತಿಂಗಳು ಎಚ್‌ಎಂಟಿ ಕಾಂಚನ್ ಕೊಂಡೆ. ಮೈಯೆಲ್ಲ ಹಳದಿ ಹೊಳಪು, ಪೂರ್ತಿ ದುಂಡಗೂ ಇಲ್ಲದ ಆಕಾರ. ಈಗಲೂ ಹೇಳ್ತೀನಿ, ಚಂದಿಲ್ಲ. ಮತ್ತೆ ಯಾಕೆ ಕೊಂಡೆ?

ಈ ಕಾಯಿಲೆ ನನ್ನೊಬ್ಬನದಲ್ಲ. ಪ್ಲಾಸ್ಟಿಕ್ ವಾಚು ವಾಚೇ ಅಲ್ಲ ಅನ್ನೋ ಸಂಗ್ರಹಕಾರರ ಡಬ್ಬಿ ತೆಗೆದರೆ ಮೂಲೆಯಲ್ಲಿ ಒಂದು ಕ್ಯಾಸಿಯೋ ಇದ್ದೇ ಇರುತ್ತೆ. ಇನ್ನು 'ಮುಂಬೈ ಸ್ಪೆಷಲ್' ಅಂತ ಒಂದು ಜಾತಿ ಇದೆ. ಹಳೇ ಎಚ್‌ಎಂಟಿ ಯಂತ್ರಕ್ಕೆ ಕೆಂಪೋ ಹಸಿರೋ ಬಳಿದ ಹೊಸ ಡಯಲ್ ಕೂರಿಸಿ ಆನ್‌ಲೈನ್‌ನಲ್ಲಿ ಮಾರ್ತಾರೆ. ಅದನ್ನ ಆಡಿಕೊಳ್ಳೋ ಎಷ್ಟೋ ಜನರ ಮೊದಲ ವಾಚು ಅದೇ. ನನ್ನದೂ.

ಸರಿ, ಇತಿಹಾಸಕ್ಕೆ ಬರೋಣ. ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಯಂತ್ರ ಮಾಡುವ ಯಂತ್ರಗಳನ್ನು ತಯಾರಿಸೋಕೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಶುರುವಾಯ್ತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೊಹಿನೂರ್ ಎಲ್ಲ ಆ ಮನೆಯ ಮಕ್ಕಳೇ. ಜನತಾ ಹೆಸರಿಗೆ ತಕ್ಕ ಹಾಗೆ ಸಾದಾ: ಬೆಳಗೆದ್ದು ಕೀ ಕೊಡಬೇಕು, ಇಲ್ಲಾಂದ್ರೆ ನಿಂತುಬಿಡುತ್ತೆ. ಕಾಂಚನ್ ಆಟೋಮ್ಯಾಟಿಕ್. ಕೈ ಆಡಿದ ಹಾಗೆ ಒಳಗಿನ ತೂಕದ ಬಿಲ್ಲೆ ತಿರುಗಿ ತಾನೇ ಕೀ ಕೊಟ್ಟುಕೊಳ್ಳುತ್ತೆ. ವಿದೇಶಿ ವಾಚಿಗೆ ನಿರ್ಬಂಧ ಇದ್ದ ಕಾಲ ಅದು. ಒಳ್ಳೇ ಎಚ್‌ಎಂಟಿ ಬೇಕೂ ಅಂದ್ರೆ ಕಾಯಬೇಕು, ಇಲ್ಲವೇ ಯಾರದಾದರೂ ಕೈಕಾಲು ಹಿಡಿಯಬೇಕು.

ಇಲ್ಲಿ ಒಂದು ವಿಚಿತ್ರ ನೋಡಿ. ಇವತ್ತು ನಾವು 'ಏನು ಕ್ಲೀನ್ ಡಿಸೈನ್' ಅಂತ ಹೊಗಳೋ ಜನತಾ ಆಗ ಮೇಷ್ಟ್ರು, ಗುಮಾಸ್ತರ ಕೈಯ ವಾಚು. ಜನ ನಿಜವಾಗ್ಲೂ ಆಸೆಪಟ್ಟಿದ್ದು ಕಾಂಚನ್‌ಗೆ. ಅಂದ್ರೆ ಅಗ್ಗದ್ದು ಈಗ ಅಭಿರುಚಿ ಆಯ್ತು, ಆಸೆಯದ್ದು ಈಗ ಥಳುಕು ಆಯ್ತು. ವಾಚುಗಳು ಬದಲಾಗಿಲ್ಲ. ಬದಲಾಗಿದ್ದು ನಾವು. ನಾನು ಕಬ್ಬೂರಿನವನು. ಬೆಳಗಾವಿಗೆ ಓದೋಕೆ ಹೋದ ಮೇಲೆ ಕಲಿತ ಮೊದಲ ವಿದ್ಯೆ ಅಂದ್ರೆ ನಮ್ಮೂರ ಕಡೆ ಚಂದ ಅನ್ನೋದನ್ನೆಲ್ಲ ಚಂದಿಲ್ಲ ಅನ್ನೋದು. 'ನನಗೆ ಇಷ್ಟ ಇಲ್ಲ' ಅನ್ನೋದರ ಒಳಗೆ 'ಇಷ್ಟಪಡೋ ಅವರ ಪೈಕಿ ನಾನಲ್ಲ' ಅನ್ನೋದು ಅಡಗಿರುತ್ತೆ.

ಇದು ಬರೀ ನಮ್ಮೂರ ಕಥೆಯೂ ಅಲ್ಲ. 1972ರಲ್ಲಿ ಸ್ವಿಟ್ಜರ್ಲೆಂಡಿನ ಆಡೆಮಾರ್ ಪಿಗೆ ಕಂಪನಿ ರಾಯಲ್ ಓಕ್ ತಂದಾಗ, ಉಕ್ಕಿನ ವಾಚಿಗೆ ಚಿನ್ನದ ಬೆಲೆ, ಮೇಲೆ ಕಾಣೋ ಹಾಗೆ ಸ್ಕ್ರೂ ಬೇರೆ ಅಂತ ಮೂಗು ಮುರಿದವರಿದ್ದರು. ಈಗ ಅದಕ್ಕೆ ದುಡ್ಡು ಹಿಡಿದು ಕಾಯ್ತಾರೆ.

ಆದರೆ ಕಾಂಚನ್ ವಿಷಯದಲ್ಲಿ ಇನ್ನೊಂದು ಎಳೆ ಇದೆ, ನಾನು ತಪ್ಪಿಸಿಕೊಂಡು ಬಂದದ್ದು. ಸಂಗ್ರಹಕಾರರ ಬಾಯಲ್ಲಿ ಅದು 'ವರದಕ್ಷಿಣೆ ವಾಚು'. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ 1961ರಲ್ಲಿ! ಕೇಳದೇ ಕೊಟ್ಟ ಉಡುಗೊರೆಗೆ ಕಾನೂನಿನಲ್ಲಿ ಜಾಗ ಇತ್ತು. ಕೇಳಿದ್ದು ಯಾವುದು, ಕೇಳದ್ದು ಯಾವುದು ಅಂತ ಮದುವೆ ಮಾತುಕತೆಯ ಚಾಪೆ ಮೇಲೆ ಕೂತು ಹೇಳೋರು ಯಾರು? ನಮ್ಮ ಕಡೆಯೂ ಅಳಿಯನಿಗೆ ಉಂಗುರ, ವಾಚು ಅಂದ್ರೆ ರೂಢಿ. ನಮ್ಮಪ್ಪನಿಗೆ 1980ರ ದಶಕದಲ್ಲಿ ಬಂದದ್ದು ಕಾಂಚನ್. ಮದುವೆ ಫೋಟೋದಲ್ಲಿ ಅಪ್ಪ ಎಡಗೈ ಮುಂದೆ ಮಾಡಿಕೊಂಡೇ ನಿಂತಿದ್ದಾನೆ. ಆ ವಾಚು ಎಲ್ಲಿ ಹೋಯ್ತೋ, ಮನೆಯಲ್ಲಿ ಯಾರೂ ಅದರ ಸುದ್ದಿ ತೆಗೆಯಲ್ಲ.

1987ರಲ್ಲಿ ಟೈಟನ್ ಕ್ವಾರ್ಟ್ಜ್ ಹಿಡಿದು ಅಂಗಡಿಗೆ ಬಂತು. ಎಚ್‌ಎಂಟಿ ಸೊರಗಿತು. ಮುಚ್ಚೋ ಸುದ್ದಿ 2014ರಲ್ಲಿ ಬಂದಾಗ ಜನ ಮುಗಿಬಿದ್ದು ಕೊಂಡರು. ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಒತ್ತಿತು. ಬೇಡ ಅಂತಿದ್ದ ಮಾದರಿಗೂ ಆಮೇಲೆ ಗಿರಾಕಿ.

ನಾನು ಕೊಂಡದ್ದನ್ನ ದೀಪಾವಳಿಗೆ ಊರಿಗೆ ಒಯ್ದೆ. ಅವ್ವನ ಕೈಗೆ ಕೊಟ್ಟೆ. ತಿರುವಿ ಮುರುವಿ ನೋಡಿದಳು.

"ಎಷ್ಟ ಕೊಟ್ಟಿ?"

ಹೇಳಿದೆ.

"ನಮ್ಮಪ್ಪ ಇಂಥಾದ್ದಕ್ಕ ಎಮ್ಮಿ ಮಾರಿದ್ದ. ಹೈನದ ಎಮ್ಮಿ. ನಿಮ್ಮ ಮಾಮಾ ಆಗ ಸಣ್ಣಾಂವ, ಹಾಲಿಗೆ ಅಳತಿದ್ದ."

ಇಷ್ಟು ವರ್ಷ ನನಗೆ ಈ ಮಾತು ಗೊತ್ತಿರಲಿಲ್ಲ. ಅವ್ವ ಅದನ್ನ ಒಮ್ಮೆ ಅಲುಗಿಸಿ ಕಿವಿಗೆ ಹಿಡಿದಳು. "ನಡೀತೈತಿ" ಅಂದು ವಾಪಸ್ ಕೊಟ್ಟು ಅಡುಗೆಮನೆಗೆ ಹೋದಳು.

ಈಗ ಅದು ಡಬ್ಬಿಯಲ್ಲಿ ಜನತಾ ಪಕ್ಕ ಇದೆ. ಕೈಗೆ ಇನ್ನೂ ಕಟ್ಟಿಲ್ಲ.